ಬಾಗಿಲ ಹಿಡಿಯ ಬಳಿಯ ಗಾಯ

ದಿನಕ್ಕೆ ಹತ್ತಾರು ಸಲ ನೋಡುವ ಬಾಗಿಲನ್ನು ಎದ್ದುಹೋಗಿ ಇನ್ನೊಮ್ಮೆ ನೋಡಿ ಬನ್ನಿ ಎಂದರೆ ನೀವು ನಕ್ಕೀರಿ. ಆದರೂ ನೋಡಿ. ಮೇಲುಭಾಗ ಹೊಸದರ ಹಾಗೆಯೇ ಇರುತ್ತದೆ. ಕೆಳಗೆ, ನೆಲ ತೊಳೆದ ನೀರು ಸಿಡಿಯುವಲ್ಲಿ ಸ್ವಲ್ಪ ಬಣ್ಣ ಬಿಟ್ಟಿರಬಹುದು. ಆದರೆ ನೆಲದಿಂದ ಮೂರಡಿ ಎತ್ತರದಲ್ಲಿ, ಹಿಡಿಯ ಸುತ್ತ ಒಂದು ಗೇಣಿನಷ್ಟು ಜಾಗ ಮಾತ್ರ ಬೇರೆಯೇ ಆಗಿರುತ್ತದೆ. ಬಣ್ಣ ಹೋಗಿ ಮರ ಕಪ್ಪಾಗಿದೆ, ತಿರುಪುಮೊಳೆಗಳ ತಲೆ ಮೇಲೆದ್ದಿದೆ, ಹಿಡಿಯನ್ನು ಅಲುಗಿಸಿದರೆ ಸಡಿಲವಾದ ಹಲ್ಲಿನ ಹಾಗೆ ಅಲುಗುತ್ತದೆ. ಹಿಡಿ ಎಂಬ ಮಾತಿನಲ್ಲಿ ನಾನು ಚಿಲಕ, ಅಗುಳಿ, ಬಳೆ, ಬೀಗದ ಕೊಂಡಿ ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದೇನೆ. ಈ ಒಂದು ಗೇಣು ಜಾಗವನ್ನು ಸರಿಪಡಿಸುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಕನ್ನಡ ಪಂಡಿತನಾದವನು ಶಬ್ದದಿಂದ ಮೊದಲು ಮಾಡದೆ ಇರಲಾರ. ಒಂದು ನಿಮಿಷ ಸೈರಿಸಿಕೊಳ್ಳಿ. ಬಾಗಿಲು ಎಂಬುದು ಮೂಲದಲ್ಲಿ ಮರದ ಹೆಸರಲ್ಲ, ತೆರಪಿನ ಹೆಸರು. ಮನೆಗೆ ಬಾಯಿ ಇದ್ದ ಹಾಗೆ ಅದು. ಆ ತೆರಪನ್ನು ಮುಚ್ಚುವ ಮರಕ್ಕೆ ಕದ ಎಂದು ಹೆಸರು. ಹಳಗನ್ನಡದಲ್ಲಿ ಪಡಿ ಎಂದೂ ಹೇಳುತ್ತಿದ್ದರು. ಈಗ ಎರಡನ್ನೂ ಬಾಗಿಲೆಂದೇ ಕರೆಯುತ್ತೇವೆ, ತಪ್ಪೇನಿಲ್ಲ. ಆದರೆ ರಿಪೇರಿಯ ಮಾತಿನಲ್ಲಿ ಈ ಭೇದ ಬೇಕು. ಗಾಯ ಕಾಣುವುದು ಕದದಲ್ಲಿ. ಕಾರಣ ಎಷ್ಟೋ ವೇಳೆ ಬಾಗಿಲಲ್ಲಿ, ಎಂದರೆ ಚೌಕಟ್ಟಿನಲ್ಲಿಯೋ ಕೀಲಿನಲ್ಲಿಯೋ ಇರುತ್ತದೆ.

ಶಾಸನಗಳನ್ನು ಓದಿದವರಿಗೆ ಪರಿಚಿತವಾದ ಮಾತೊಂದುಂಟು. ದೇವಾಲಯಕ್ಕೋ ಬಸದಿಗೋ ಭೂಮಿ ಬಿಟ್ಟಾಗ, ಆ ದಾನ ಯಾವುದಕ್ಕೆ ಸಲ್ಲಬೇಕು ಎಂದು ಹೇಳುವ ಕಡೆ ಪೂಜೆ, ನೈವೇದ್ಯ, ಆಹಾರದಾನಗಳ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂದು ಬರೆದಿರುತ್ತದೆ. ಖಂಡವೆಂದರೆ ಮುರಿದು ತುಂಡು ಹೋದದ್ದು. ಸ್ಫುಟಿತವೆಂದರೆ ಸೀಳು ಬಿಟ್ಟದ್ದು. ಜೀರ್ಣವೆಂದರೆ ಸವೆದು ಶಿಥಿಲವಾದದ್ದು. ಕಟ್ಟಿದ ದಿನವೇ ಮುಂದಿನ ರಿಪೇರಿಗೂ ಹಣದ ದಾರಿ ಮಾಡಿಡುತ್ತಿದ್ದ ಜನ ಅವರು. ಈ ಮೂರು ಮಾತುಗಳನ್ನೇ ಹಿಡಿದು ನಿಮ್ಮ ಕದದ ಮುಂದೆ ನಿಂತರೆ, ಆಗಿರುವ ಕೆಡುಕು ಮೂರರಲ್ಲಿ ಯಾವುದೆಂದು ಗೊತ್ತಾಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ನಮ್ಮಲ್ಲಿ ಮೂರಕ್ಕೂ ಒಂದೇ ಮದ್ದನ್ನು, ಅಂಗಡಿಯಲ್ಲಿ ಸಿಕ್ಕುವ ಮೆತ್ತುವ ಸಾಮಗ್ರಿಯನ್ನು ಬಳಿದು ಸುಮ್ಮನಾಗುತ್ತಾರೆ.

ಮದ್ದಿಗೆ ಮುಂಚೆ ಕಾರಣವನ್ನು ನೋಡೋಣ. ತೇಗದ ಮುಂಬಾಗಿಲ ಕದವೊಂದು ಮೂವತ್ತು ನಲವತ್ತು ಕಿಲೋ ತೂಗುವುದು ಅಪರೂಪವಲ್ಲ. ಇಷ್ಟು ಭಾರವನ್ನು ಹೊತ್ತಿರುವುದು ಕೀಲುಗಳೇ ಹೊರತು ಹಿಡಿಯಲ್ಲ. ಮೇಲಿನ ಕೀಲು ಸಡಿಲವಾದರೆ ಕದ ಚಿಲಕದ ಕಡೆಗೆ ಜೋಲುತ್ತದೆ. ಚಿಲಕ ತನ್ನ ತೂತಿಗೆ ನೇರವಾಗಿ ಬೀಳುವುದಿಲ್ಲ. ಆಗ ಮನೆಮಂದಿಯೆಲ್ಲ ಏನು ಮಾಡುತ್ತಾರೆ? ಹಿಡಿಯನ್ನು ಹಿಡಿದು ಕದವನ್ನೇ ಮೇಲಕ್ಕೆತ್ತಿ ಚಿಲಕ ಹಾಕುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಹೀಗೆ ಎತ್ತಿದರೆ, ಒಂದಂಗುಲವೂ ಮರದೊಳಕ್ಕೆ ಹೋಗಿರದ ನಾಲ್ಕು ತಿರುಪುಗಳು ಎಷ್ಟು ದಿನ ತಡೆದಾವು?

ಇದನ್ನು ಪರೀಕ್ಷಿಸುವುದು ಸುಲಭ. ಕದವನ್ನು ಅರ್ಧ ತೆರೆದು, ಹಿಡಿ ಇರುವ ಅಂಚನ್ನು ಕೆಳಗಿನಿಂದ ಮೆಲ್ಲನೆ ಎತ್ತಿ ನೋಡಿ. ಕದ ಮೇಲಕ್ಕೆ ಬಂದರೆ ಕೀಲು ಸಡಿಲವಾಗಿದೆಯೆಂದು ತಿಳಿಯಿರಿ. ಕೀಲನ್ನು ಬಿಗಿ ಮಾಡಿದ ಮೇಲೆಯೇ ಹಿಡಿಯ ಕೆಲಸಕ್ಕೆ ಕೈಹಾಕಬೇಕು. ಇಲ್ಲವಾದರೆ ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಮುಂದಿನ ವರ್ಷ ಅದೇ ಜಾಗ ಮತ್ತೆ ಕಿತ್ತು ಬರುತ್ತದೆ. ಆಷಾಢ ಶ್ರಾವಣಗಳಲ್ಲಿ ಕದ ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಗಲೂ ಎಲ್ಲರೂ ಹಿಡಿಯನ್ನೇ ಜಗ್ಗುತ್ತಾರೆ. ಕಚ್ಚುತ್ತದೆಂದು ಮಳೆಗಾಲದಲ್ಲಿಯೇ ಅಂಚನ್ನು ತೋಪಡಾ ಹೊಡೆಸಬೇಡಿ. ಬೇಸಗೆ ಬಂದಾಗ ಆ ಸಂದಿಯಲ್ಲಿ ಹಲ್ಲಿ ನುಗ್ಗುವಷ್ಟು ತೆರಪಾಗುತ್ತದೆ. ಕಚ್ಚುವ ಕಡೆ ಗುರುತು ಹಾಕಿಟ್ಟು, ಮರ ಒಣಗಿದ ಮಾಘಮಾಸದಲ್ಲಿ ಬೇಕಾದಷ್ಟನ್ನೇ ಹೆರೆಸಿ.

ಈಗ ಜೀರ್ಣದ ಮಾತು. ತಿರುಪಿನ ತೂತು ಸವೆದು ದೊಡ್ಡದಾಗಿ, ತಿರುಪು ಕೈಯಲ್ಲಿಯೇ ಕಿತ್ತು ಬರುವಂತಾಗಿದ್ದರೆ ಅದು ಜೀರ್ಣ. ಬೆಂಕಿಕಡ್ಡಿಗಳನ್ನು ತುರುಕಿ ತಿರುಪನ್ನು ಮತ್ತೆ ಕೂರಿಸುವ ಉಪಾಯ ಎಲ್ಲರಿಗೂ ಗೊತ್ತು. ಕಡ್ಡಿಗೆ ಅಂಟು ಸವರಿ, ಇಡೀ ತೂತು ತುಂಬುವ ಹಾಗೆ ಒತ್ತಾಗಿ ಕೂರಿಸಿ, ಒಂದು ದಿನ ಒಣಗಲು ಬಿಟ್ಟರೆ ಅದೂ ಪೆಟ್ಟಿಗೆಯ ಮುಚ್ಚಳದಂಥ ಹಗುರದ ಕೆಲಸಕ್ಕೆ ಸಾಕು. ಮುಂಬಾಗಿಲಿಗೆ ಸಾಲದು. ಅಲ್ಲಿ ತೂತನ್ನು ಬೈರಿಗೆಯಿಂದ ಹತ್ತು ಹನ್ನೆರಡು ಮಿಲಿಮೀಟರಿನಷ್ಟು ಅಗಲಕ್ಕೆ ಕೊರೆದು, ಅದೇ ಜಾತಿಯ ಮರದ ಬಿರಡೆಯನ್ನು ಅಂಟು ಹಾಕಿ ಹೊಡೆಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಸಿಕ್ಕುವ ದುಂಡನೆಯ ಕಡ್ಡಿಯನ್ನು ಕತ್ತರಿಸಿ ಹಾಕಿದರೆ ಅದರ ಎಳೆಗಳು ತಿರುಪು ಹೋಗುವ ದಿಕ್ಕಿನಲ್ಲಿಯೇ ಇರುತ್ತವೆ. ತಿರುಪು ಎಳೆಗಳ ನಡುವೆ ನುಸುಳುತ್ತದೆಯೇ ಹೊರತು ಅವನ್ನು ಕಚ್ಚಿ ಹಿಡಿಯುವುದಿಲ್ಲ. ಹಲಗೆಯ ಮುಖದಿಂದ ಅಡ್ಡಲಾಗಿ ಕೊರೆದು ತೆಗೆದ ಬಿರಡೆಯಾದರೆ ಅದರ ಎಳೆ ಕದದ ಎಳೆಯ ಹಾಗೆಯೇ ಮೇಲಿನಿಂದ ಕೆಳಕ್ಕೆ ಓಡುತ್ತದೆ. ತಿರುಪಿಗೆ ಒಳ್ಳೆಯ ಹಿಡಿತ ಸಿಕ್ಕುತ್ತದೆ. ಬಡಗಿಗೆ ಹೇಳಿದರೆ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಾನೆ. ಹೇಳದಿದ್ದರೆ ದುಂಡು ಕಡ್ಡಿಯನ್ನೇ ಹೊಡೆದು ಹೋದಾನು.

ಸ್ಫುಟಿತ ಇದಕ್ಕಿಂತ ಕಷ್ಟದ್ದು. ನಮ್ಮ ಬಂಧುಗಳ ಮನೆಯೊಂದರಲ್ಲಿ ಬಚ್ಚಲಮನೆಯ ಕದದ ಒಳಹಿಡಿ ಬಹಳ ದಿನದಿಂದ ಅಲುಗುತ್ತಿತ್ತು. ನಾಳೆ ಮಾಡಿಸೋಣ, ನಾಡಿದ್ದು ಮಾಡಿಸೋಣ ಎಂದು ದಿನ ಕಳೆಯಿತು. ಒಂದು ಬೆಳಗ್ಗೆ ಆ ಮನೆಯ ಅಜ್ಜಿ ಒಳಗಿದ್ದಾಗ ಹಿಡಿ ಅವರ ಕೈಗೇ ಬಂತು. ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೆಯೇ ಉಳಿಯಿತು. ಎಂಬತ್ತು ದಾಟಿದ ಜೀವ, ಒದ್ದೆ ನೆಲ, ಹೊರಗೆ ಸೊಸೆಯೊಬ್ಬಳೇ. ಅಜ್ಜಿಗೆ ಕಿವಿ ಮಂದ, ಹೊರಗಿನಿಂದ ಕೂಗಿ ಹೇಳಿದ್ದು ಕೇಳದು. ನೆರೆಯವರು ಬಂದು ಕಬ್ಬಿಣದ ಸಲಾಕೆ ಹಾಕಿ ಮೀಟಿ ತೆರೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅಜ್ಜಿಗೆ ಏನೂ ಆಗಲಿಲ್ಲ, ಭಯವಾಯಿತು ಅಷ್ಟೆ. ಕದದ ಉದ್ದಪಟ್ಟಿ ಮಾತ್ರ ಹಿಡಿಯ ಜಾಗದಿಂದ ಒಂದೂವರೆ ಅಡಿ ಉದ್ದಕ್ಕೆ ಸೀಳಿ ಬಿಟ್ಟಿತು. ಸಡಿಲವಾದ ಹಿಡಿಯೆಂದರೆ ಒಳಗಿರುವವರಿಗೆ ಸೆರೆ. ಮುಂಬಾಗಿಲಿನಲ್ಲಾದರೆ ಹೊರಗಿರುವ ಕಳ್ಳನಿಗೆ ಆಹ್ವಾನ. ಬೀಗ ಎಷ್ಟು ಗಟ್ಟಿಯಾದರೇನು? ಅದು ನಿಂತಿರುವುದು ಸುತ್ತಲಿನ ಎರಡಂಗುಲ ಮರದ ಮೇಲೆ.

ಹೊಸದಾಗಿ ಆದ ಇಂಥ ಸೀಳು, ಚೂರು ಉದುರಿಹೋಗದೆ ಇದ್ದರೆ, ಬಹಳ ಚೆನ್ನಾಗಿ ಕೂಡುತ್ತದೆ. ಎರಡು ಮೈಗಳೂ ಒಂದಕ್ಕೊಂದು ಅಚ್ಚಿನ ಹಾಗೆ ಹೊಂದುತ್ತವೆಯಲ್ಲ! ಸೀಳಿನ ಬಾಯಿಗೆ ತೆಳುವಾದ ಬೆಣೆಯನ್ನು ಮೆತ್ತಗೆ ಕೊಟ್ಟು ಅಗಲಿಸಿ, ದೂಳನ್ನು ಊದಿ ತೆಗೆದು, ಅಂಟನ್ನು ಔಷಧದ ಪಿಚಕಾರಿಯಿಂದ ಆಳಕ್ಕೆ ಬಿಡಬೇಕು. ಆಮೇಲೆ ಬೆಣೆ ತೆಗೆದು, ಕದದ ಅಗಲಕ್ಕೆ ಅಡ್ಡಲಾಗಿ ಬಿಗಿದು ಇಡೀ ರಾತ್ರಿ ಬಿಡಬೇಕು. ಬಿಗಿಯುವ ಯಂತ್ರ ಇಲ್ಲದಿದ್ದರೆ ಕದಕ್ಕೆ ಹಗ್ಗ ಸುತ್ತಿ, ಹಗ್ಗದ ನಡುವೆ ಕೋಲು ಕೊಟ್ಟು ತಿರುಚಿದರೂ ಆಯಿತು. ಹಗ್ಗ ಅಂಚನ್ನು ಕಚ್ಚದ ಹಾಗೆ ಎರಡು ಕಡೆಯೂ ರಟ್ಟಿನ ಚೂರು ಇಡಬೇಕು. ಸೀಳಿಗೆ ಮೆತ್ತುವ ಸಾಮಗ್ರಿಯನ್ನು ತುಂಬುವುದು ಮಾತ್ರ ಖಂಡಿತ ಬೇಡ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ನಡುವೆ ಕುಳಿತ ಆ ಕಲ್ಲಿನಂಥ ಪದಾರ್ಥ ದಾರಿ ಬಿಡುವುದಿಲ್ಲ. ಸೀಳು ಮುಂದಕ್ಕೆ ಓಡುತ್ತದೆ.

ಅಂಟಿನ ಹೆಸರು ಬಂತು. ಹಿಂದಿನ ಬಡಗಿಗಳು ಚರ್ಮ ಎಲುಬುಗಳನ್ನು ಕುದಿಸಿ ತೆಗೆದ ಅಂಟನ್ನು ಬಿಸಿ ಮಾಡಿ ಹಚ್ಚುತ್ತಿದ್ದರು. ಅದನ್ನು ವಜ್ರವೆಂದು ಕರೆಯುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಅದರ ಲೇಪಗಳಲ್ಲಿ ಒಂದಕ್ಕೆ ದನ ಎಮ್ಮೆಗಳ ಕೊಂಬು ಚರ್ಮಗಳು ಬೀಳುತ್ತವೆ. ಅಲ್ಲಿ ಹೇಳಿರುವ ಲೇಪದ ಬಾಳಿಕೆ ಕೋಟಿ ವರ್ಷ! ನಮ್ಮ ಕದಕ್ಕೆ ಅಷ್ಟು ಬೇಡ. ಒಳಮನೆಯ ಕದಗಳಿಗೆ ಈಗ ಎಲ್ಲ ಕಡೆ ಸಿಕ್ಕುವ ಬಿಳಿಯ ಅಂಟು ಸಾಕು. ಮಳೆ ಬಡಿಯುವ ಮುಂಬಾಗಿಲಿಗೂ ಬಚ್ಚಲಿಗೂ ನೀರು ತಡೆಯುವ ಜಾತಿಯದನ್ನೇ ಕೇಳಿ ತನ್ನಿ, ಇಲ್ಲವೆ ಎರಡು ಕೊಳವೆಗಳಿಂದ ತೆಗೆದು ಕಲಸುವ ಎಪಾಕ್ಸಿಯನ್ನು ಬಳಸಿ.

ಇನ್ನು ಖಂಡ. ಮರದ ಒಂದು ಭಾಗವೇ ಇಲ್ಲವಾದಾಗ, ಮುರಿದೋ ಕೊಳೆತೋ ಗೆದ್ದಲು ತಿಂದೋ ಹೋದಾಗ, ಏನು ಮಾಡಬೇಕು? ಇದರಲ್ಲಿಯೇ ಒಳ್ಳೆಯ ಕದಗಳು ಮನೆ ಬಿಟ್ಟುಹೋಗುವುದು. ನಮ್ಮ ಬೀದಿಯ ಹಳೆಯ ಮನೆಯೊಂದಕ್ಕೆ ಹಲಸಿನ ಮರದ ಜೋಡಿ ಕದ. ಹಿಡಿಯ ಬಳಿ ಮೂರು ತಲೆಮಾರಿನ ಮೂರು ಬೀಗಗಳು ಬಿಟ್ಟುಹೋದ ತೂತುಗಳು. ಹಿತ್ತಾಳೆಯ ಬಳೆ ಬಡಿದು ಬಡಿದು ಆದ ಗುಳಿ. ಆ ಗುಳಿಯಲ್ಲಿ ಮಳೆನೀರು ನಿಂತು ಕೊಳೆ. ಮನೆಗೆ ಸುಣ್ಣಬಣ್ಣ ಮಾಡಿಸಲು ಬಂದ ಕಂಟ್ರಾಕ್ಟರರು ನೋಡಿ, ಇಡೀ ಕದ ಹೋಗಿದೆ, ಹಳೆಯದನ್ನು ನಾನೇ ಸಾಗಿಸಿಬಿಡುತ್ತೇನೆ, ಹೊಸದನ್ನು ಕಡಿಮೆ ಖರ್ಚಿನಲ್ಲಿ ಕೂರಿಸಿಕೊಡುತ್ತೇನೆ ಎಂದರು. ಹುಡುಗರು ಒಪ್ಪಿಯೂ ಬಿಟ್ಟಿದ್ದರು. ಹಳೆಯ ಕದಗಳಿಗೆ ಪೇಟೆಯಲ್ಲಿ ಒಳ್ಳೆಯ ಗಿರಾಕಿ ಇದೆಯೆಂಬುದು ಅವರಿಗೆ ಗೊತ್ತಿರಲಿಲ್ಲ, ಕಂಟ್ರಾಕ್ಟರರಿಗೆ ಗೊತ್ತಿತ್ತು. ಮನೆಯ ಯಜಮಾನಿ ಮಾತ್ರ ಒಬ್ಬ ಮುದಿ ಬಡಗಿಯನ್ನು ಕರೆಸಿದರು. ಆತ ಏನೂ ಹೇಳದೆ ಚೀಲದಿಂದ ದಬ್ಬಳ ತೆಗೆದು, ಗುಳಿಯಿಂದ ಹೊರಕ್ಕೆ ಸುತ್ತಲೂ ಬೆರಳಗಲಕ್ಕೊಂದರಂತೆ ಚುಚ್ಚುತ್ತ ಹೋದ. ಎಲ್ಲಿ ದಬ್ಬಳ ಇಳಿಯಿತೋ ಅಲ್ಲೊಂದು ಸೀಮೆಸುಣ್ಣದ ಚುಕ್ಕೆ. ಮುಗಿದಾಗ ಚುಕ್ಕೆಗಳೆಲ್ಲ ಸೇರಿ ಒಂದು ಅಂಗೈಯಗಲಕ್ಕಿಂತ ಹೆಚ್ಚಿರಲಿಲ್ಲ. ಅಂಗೈಯಗಲದ ಗಾಯಕ್ಕೆ ಏಳಡಿಯ ಕದವನ್ನು ಬಿಟ್ಟುಕೊಡುತ್ತೀರಾ ಎಂದು ಯಜಮಾನಿ ಮಕ್ಕಳನ್ನು ಕೇಳಿದರು. ಮಕ್ಕಳಿಗೆ ಉತ್ತರ ತೋಚಲಿಲ್ಲ.

ದಬ್ಬಳದ ಈ ಪರೀಕ್ಷೆಯನ್ನು ನೀವೇ ಮಾಡಬಹುದು. ಕಣ್ಣಿಗೆ ಕಪ್ಪಾಗಿ ಕಾಣುವುದೆಲ್ಲ ಕೊಳೆತದ್ದಲ್ಲ. ಕೈಯ ಬೆವರು, ಎಣ್ಣೆ, ಒದ್ದೆ ಮರದಲ್ಲಿ ಕಬ್ಬಿಣದ ಮೊಳೆ ಬಿಟ್ಟ ಕಪ್ಪು ಕಲೆ, ಇವು ಮೇಲುಮೇಲಿನವು. ದಬ್ಬಳ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಮಾತ್ರ ಆ ಮರ ಹೋಯಿತು. ಅಂಥದನ್ನು ಗಟ್ಟಿ ಮರ ಸಿಕ್ಕುವ ತನಕ ಕೆತ್ತಿ ತೆಗೆಯಬೇಕು, ಸಂಕೋಚ ಕೂಡದು. ಗೆದ್ದಲಿದ್ದರೆ ಅದು ಬಂದ ದಾರಿಯನ್ನು ಚೌಕಟ್ಟಿನ ಬುಡದಲ್ಲಿ ಹುಡುಕಿ, ಅಲ್ಲಿ ಮದ್ದು ಹಾಕಿಸಿದ ಮೇಲೆಯೇ ಮುಂದಿನ ಕೆಲಸ.

ತೆಗೆದ ಜಾಗಕ್ಕೆ ಹೊಸ ತುಂಡನ್ನು ಕೂರಿಸುವುದೇ ಇಲ್ಲಿ ವಿದ್ಯೆ. ಮರವನ್ನು ಒಂದು ಕಟ್ಟು ಹುಲ್ಲುಕೊಳವೆಗಳೆಂದು ಭಾವಿಸಿಕೊಳ್ಳಿ. ನೀರು ಕುಡಿದಾಗ ಕಟ್ಟು ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಹಸಿಮರ ಪೂರ್ತಿ ಒಣಗಿದಾಗಲೂ ಉದ್ದಕ್ಕೆ ಕುಗ್ಗುವುದು ಸಾಮಾನ್ಯವಾಗಿ ಸಾವಿರಕ್ಕೆ ಒಂದೆರಡು ಪಾಲು; ಅಗಲಕ್ಕೆ ಅದರ ಹತ್ತಾರು ಪಟ್ಟು. ಆದುದರಿಂದ ತುಂಡಿನ ಎಳೆ ಕದದ ಎಳೆಯ ಜೊತೆಗೇ ಓಡಬೇಕು. ಅಡ್ಡ ಎಳೆಯ ತುಂಡನ್ನು ಕೂರಿಸಿದರೆ ಮಳೆಗಾಲದಲ್ಲಿ ಅದೊಂದು ದಿಕ್ಕಿಗೆ, ಕದ ಇನ್ನೊಂದು ದಿಕ್ಕಿಗೆ ಹಿಗ್ಗಿ, ಎರಡು ಮೂರು ವರ್ಷಗಳಲ್ಲಿ ಸುತ್ತಲೂ ಬಿರುಕು ಬಿಡುತ್ತದೆ.

ಆಕಾರವೂ ಮುಖ್ಯವಾದುದೇ. ಚೌಕವಾದ ತುಂಡು ಕಣ್ಣಿಗೆ ಅಚ್ಚುಕಟ್ಟು. ಆದರೆ ಅದರ ಮೇಲಣ ಕೆಳಗಣ ಅಂಚುಗಳಲ್ಲಿ ಕೊಳವೆಗಳ ಕತ್ತರಿಸಿದ ಬಾಯಿಗಳು ಎದುರುಬದುರಾಗುತ್ತವೆ. ಹಚ್ಚಿದ ಅಂಟನ್ನು ಆ ಬಾಯಿಗಳೇ ಹೀರಿಬಿಡುತ್ತವೆ, ಹಿಡಿತ ಬಹಳ ಕಡಿಮೆ. ಕೊಳವೆಗಳ ಪಕ್ಕಕ್ಕೆ ಪಕ್ಕ ಸೇರಿದ ಕಡೆ ಅಂಟು ಮರಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಆದುದರಿಂದ ತಿಳಿದವರು ತುಂಡನ್ನು ದೋಣಿಯ ಹಾಗೆ ಉದ್ದವಾಗಿ, ಎರಡು ತುದಿಯೂ ಚೂಪಾಗಿ ಕೆತ್ತುತ್ತಾರೆ. ನೇರ ಅಡ್ಡ ಅಂಚೇ ಇಲ್ಲದ ಹಾಗೆ. ಮೊದಲು ತುಂಡನ್ನು ತಯಾರಿಸಿ, ಅದನ್ನು ಕದದ ಮೇಲಿಟ್ಟು, ಸುತ್ತಲೂ ಹರಿತವಾದ ಚೂರಿಯಿಂದ ಗೆರೆ ಎಳೆಯಬೇಕು. ಪೆನ್ಸಿಲಿನ ಗೆರೆಗೆ ದಪ್ಪವುಂಟು. ಆ ದಪ್ಪವೇ ಆಮೇಲೆ ಸಂದಿಯಾಗಿ ಕಾಣುತ್ತದೆ. ಗೆರೆಯೊಳಗಿನದನ್ನು ಉಳಿಯಿಂದ ಸಮತಟ್ಟಾಗಿ ತೆಗೆಯಬೇಕು. ಆಳ ಕದದ ದಪ್ಪದಲ್ಲಿ ಅರ್ಧದಷ್ಟಾದರೂ ಇದ್ದರೆ ತಿರುಪು ನಿಲ್ಲುತ್ತದೆ. ತೆಳುವಾದ ತೇಪೆ ನೋಟಕ್ಕೆ ಮಾತ್ರ. ತುಂಡಿನ ಪಕ್ಕಗಳನ್ನು ಕೂದಲೆಳೆಯಷ್ಟು ಒಳಮುಖವಾಗಿ ಇಳಿಜಾರು ಮಾಡಿದರೆ, ಕೊಡತಿಯಿಂದ ತಟ್ಟುತ್ತ ಹೋದ ಹಾಗೆ ತಾನೇ ಬಿಗಿಯಾಗುತ್ತದೆ. ತುಂಡು ಕದದ ಮೈಯಿಂದ ಒಂದು ಮಿಲಿಮೀಟರಿನಷ್ಟು ಮೇಲೆಯೇ ಇರಲಿ. ಅಂಟು ಒಣಗಿ ಒಂದು ದಿನ ಕಳೆದ ಮೇಲೆ ತೋಪಡಾ ಹೊಡೆದು ಸಮ ಮಾಡಿ, ಉಪ್ಪುಕಾಗದದಿಂದ ಎಳೆಯ ಉದ್ದಕ್ಕೆ ಉಜ್ಜಿದರಾಯಿತು.

ತುಂಡಿಗೆ ಮರ ಎಲ್ಲಿಂದ ತರುವುದು? ತೇಗಕ್ಕೆ ತೇಗ, ಹೊನ್ನೆಗೆ ಹೊನ್ನೆ, ಹಲಸಿಗೆ ಹಲಸು. ಹಳೆಯ ಮರದ ಅಂಗಡಿಯಲ್ಲಿ ಒಡೆದ ಕಿಟಕಿಯ ಪಟ್ಟಿಯೊಂದು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹತ್ತಾರು ವರ್ಷ ಮಳೆ ಬಿಸಿಲು ಕಂಡು ಅದು ಕುಗ್ಗುವಷ್ಟು ಕುಗ್ಗಿರುತ್ತದೆ. ನಮ್ಮ ಬೀದಿಯ ಬಡಗಿ ಹಲಸಿನ ಹೊಸ ಮೈ ಬಿಡಿಸಿ ಕೂರಿಸಿದಾಗ ಕಂದು ಕದದ ನಡುವೆ ಆ ದೋಣಿಯಾಕಾರ ಅರಿಶಿನ ಬಳಿದ ಹಾಗೆ ಹೊಳೆಯಿತು. ಮಕ್ಕಳು ಮುಖ ಸಿಂಡರಿಸಿದರು. ಹಲಸಿನ ಗುಣವೇ ಅದು: ಹೊಸದಾಗಿ ಕೊಯ್ದಾಗ ಹಳದಿ, ಬೆಳಕು ಕಂಡಂತೆ ಕಂದು. ಎರಡು ವರ್ಷದ ಮೇಲೆ ನಾನು ಆ ಕದದ ಮುಂದೆ ನಿಂತು ತೇಪೆ ಎಲ್ಲಿದೆಯೆಂದು ಕೈಯಾಡಿಸಿ ಹುಡುಕಬೇಕಾಯಿತು.

ಈಗಿನ ಮನೆಗಳ ಒಳಗಿನ ಕದಗಳು ಬಹುಮಟ್ಟಿಗೆ ನುಣುಪಾದ ಹಲಗೆಯ ಕದಗಳು. ಮೇಲೆ ತೆಳುವಾದ ಹಾಳೆ, ಒಳಗೆ ತುಂಡುಮರಗಳು, ಕೆಲವದರಲ್ಲಿ ಬರಿಯ ಪೊಳ್ಳು. ಹಿಡಿ ಕೂರುವ ಕಡೆ ಮಾತ್ರ ಗಟ್ಟಿ ಮರ ಇಟ್ಟಿರುತ್ತಾರೆ. ಅಲ್ಲಿ ಹಾಳೆ ಎದ್ದಿದ್ದರೆ ಅಂಟು ಹಾಕಿ ಒತ್ತಿಡಿ. ಒಳಗಿನದು ಪುಡಿಯಾಗಿದ್ದರೆ ಎರಡು ಕಡೆಯೂ ಅಗಲವಾದ ಲೋಹದ ತಗಡಿಟ್ಟು, ಆರಪಾರ ಬೋಲ್ಟು ಹಾಕಿ ಬಿಗಿಯುವುದೇ ದಾರಿ. ಇಂಥ ಕದದಲ್ಲಿ ಉಳಿಯ ಕೆಲಸಕ್ಕೆ ಅವಕಾಶ ಕಡಿಮೆ.

ಗಟ್ಟಿ ಮರದ ಕದದೊಳಗೆ ಹುದುಗಿಸುವ ಬೀಗವನ್ನು ಹೊಸದಾಗಿ ಹಾಕಿಸುವವರು ಒಂದು ವಿಷಯವನ್ನು ನೋಡಿಕೊಳ್ಳಿ. ನಡುವಿನ ಅಡ್ಡಪಟ್ಟಿಯ ನಾಲಗೆ ಉದ್ದಪಟ್ಟಿಯ ಕುಳಿಯೊಳಗೆ ಹೋಗಿ ಕೂತಿರುವ ಕಡೆಯಲ್ಲಿಯೇ ಬೀಗಕ್ಕೆ ತೂತು ಕೊರೆದರೆ ಆ ನಾಲಗೆಯೇ ತುಂಡಾಗುತ್ತದೆ. ಹಿಡಿಯ ಬಳಿ ಕದ ಬಿಟ್ಟುಕೊಳ್ಳುವುದಕ್ಕೆ ಇದು ದೊಡ್ಡ ಕಾರಣ. ನಾಲ್ಕು ಬೆರಳು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಸಾಕು. ಬೀಗ ತಂದುಕೊಟ್ಟು ಕೂರಿಸುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನೀವೇ ಪಕ್ಕದಲ್ಲಿ ನಿಂತು ಹೇಳಬೇಕು.

ಕೊನೆಗೆ ಹಿಡಿಯನ್ನು ಮತ್ತೆ ಕೂರಿಸುವ ಕೆಲಸ. ಹಳೆಯ ತುಕ್ಕು ತಿರುಪುಗಳನ್ನು ಎಸೆಯಿರಿ. ತಿರುಪಿನ ನಡುದಿಂಡಿನಷ್ಟು ಅಗಲದ ತೂತನ್ನು ಮೊದಲೇ ಕೊರೆದುಕೊಳ್ಳದೆ ಹೊಸ ತುಂಡಿಗೆ ತಿರುಪು ಹೊಡೆದರೆ ಅದು ಅಲ್ಲಿಯೇ ಸೀಳುತ್ತದೆ. ಹಿತ್ತಾಳೆಯ ತಿರುಪು ತುಕ್ಕು ಹಿಡಿಯದು, ಕಲೆ ಬಿಡದು. ಆದರೆ ಮೆತು, ಗಟ್ಟಿ ಮರದಲ್ಲಿ ಕುತ್ತಿಗೆ ಮುರಿದುಕೊಳ್ಳುತ್ತದೆ. ಅದೇ ಅಳತೆಯ ಉಕ್ಕಿನ ತಿರುಪನ್ನು ಒಮ್ಮೆ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೆಯದಕ್ಕೆ ಮೇಣದ ಬತ್ತಿ ಉಜ್ಜಿ ಹಾಕಿ. ಸಾಬೂನು ಉಜ್ಜುವವರಿದ್ದಾರೆ, ಅದು ತೇವವನ್ನೆಳೆಯುತ್ತದೆ, ಮೇಣವೇ ಲೇಸು. ಮುಂಬಾಗಿಲ ಭಾರದ ಹಿಡಿಗೆ ತಿರುಪಿನ ಬದಲು ಆರಪಾರ ಹೋಗುವ ಬೋಲ್ಟು ಹಾಕಿಸಿ, ಒಳಗಡೆ ತಗಡಿಟ್ಟು ನಟ್ಟು ಬಿಗಿಸಿ. ಬಳೆ ಬಡಿಯುವ ಜಾಗಕ್ಕೂ, ಬೀಗ ನೇತಾಡಿ ಅರ್ಧಚಂದ್ರ ಕೊರೆಯುವ ಜಾಗಕ್ಕೂ ಒಂದೊಂದು ಚರ್ಮದ ಚೂರು ಅಂಟಿಸಿ.

ತುಂಡಿನ ಮೇಲೆ ಅರಗಿನ ಪಾಲಿಷನ್ನೋ ಅಗಸೆ ಎಣ್ಣೆಯನ್ನೋ ತೆಳುವಾಗಿ ಎರಡು ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು ಕೊಡಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಅದು ತಾನೇ ಕಾದು ಹೊತ್ತಿಕೊಳ್ಳುವುದುಂಟು. ಅಂಗಳದಲ್ಲಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ.